ಗುಂಡು, ಗೆರಟೆ, ಅರ್ಧ ಸೆಕೆಂಡು

ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಕರಾವಳಿಯ 66ನೇ ಹೆದ್ದಾರಿಯನ್ನು ಸೇರುವುದು ಅಂಕೋಲೆಯ ಬಾಳೆಗುಳಿಯಲ್ಲಿ. ಬಲಕ್ಕೆ ತಿರುಗಿದರೆ ಕಾರವಾರ, ಎಡಕ್ಕೆ ಕುಮಟೆ. ಲಾರಿಗಳ ಸದ್ದು ನಿಲ್ಲದ ಆ ಕ್ರಾಸಿನಿಂದ ಸ್ವಲ್ಪ ಒಳಗೆ ನಡೆದರೆ ತೆಂಗು, ಬಾಳೆ, ಬಿದಿರುಮೆಳೆಗಳ ನಡುವೆ ಹಂಚಿನ ಮನೆಗಳು. ಅಂಥ ಮನೆಯೊಂದರ ಜಗಲಿಯಲ್ಲಿ, ಬೇಸಿಗೆ ರಜೆಗೆ ಬಂದಿದ್ದ ಎಂಟು ವರ್ಷದ ಹುಡುಗಿಗಾಗಿ ಆಟಿಕೆಯೊಂದನ್ನು ಮಾಡಲು ಕುಳಿತೆ. ಕೈಗೊಂದು ಹಿಡಿ, ಹಿಡಿಯ ತುದಿಗೆ ಬಟ್ಟಲು, ಹಿಡಿಗೆ ಕಟ್ಟಿದ ದಾರ, ದಾರದ ತುದಿಗೆ ಗುಂಡು. ಗುಂಡನ್ನು ಎಗರಿಸಿ ಬಟ್ಟಲಲ್ಲಿ ಹಿಡಿಯಬೇಕು, ಅಷ್ಟೇ ಆಟ. ಆದರೆ ಅದನ್ನು ಆಡಲು ಹಿತವಾಗುವಂತೆ ಮಾಡಲು ಇಡೀ ರಜೆ ಹಿಡಿಯಿತು. ಅಷ್ಟೊಂದು ಭೌತವಿಜ್ಞಾನ ಅದರೊಳಗಿದೆ.

ಗೋಲಿ, ಬುಗುರಿ, ಚಿನ್ನಿದಾಂಡುಗಳಂತೆ ಎಲ್ಲರ ಬಾಯಲ್ಲಿರುವ ಕನ್ನಡ ಹೆಸರು ಇದಕ್ಕಿಲ್ಲ. ನಾನು ಗುಂಡು-ಗುಳಿ ಅನ್ನುತ್ತೇನೆ. ಊರಿನ ಹೆಸರಲ್ಲೇ ಗುಳಿ ಇದೆಯಲ್ಲ.

ಮೊದಲ ಗುಂಡು-ಗುಳಿಗೆ ಬೇಕಾದದ್ದೆಲ್ಲ ಅಂಗಳದಲ್ಲೇ ಸಿಕ್ಕಿತು. ಬಟ್ಟಲಿಗೆ ತೆಂಗಿನ ಗೆರಟೆ. ಗೆರಟೆಗೆ ಮೂರು ಕಣ್ಣು, ಅದರಲ್ಲಿ ಒಂದು ಮಾತ್ರ ಮೆತ್ತಗೆ. ಮೊಳಕೆ ಹೊರಬರುವ ದಾರಿ ಅದು. ದಬ್ಬಳ ಒತ್ತಿದರೆ ಸಾಕು, ದಾರ ಪೋಣಿಸಲು ತೂತು ಸಿದ್ಧ. ಹಿಡಿಗೆ ಬಿದಿರು ಸಿಕ್ಕಿಸಿದರೆ ನಮ್ಮ ಅಜ್ಜಿಯರು ಸಾರು ಬಡಿಸುತ್ತಿದ್ದ ಕರಟದ ಸೌಟೇ ಆಯಿತು. ಗುಂಡಿಗೆ ಹೊನ್ನೆಕಾಯಿ. ಹಿಂದೆ ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಸುರಹೊನ್ನೆಯ ಕಾಯಿ ಒಣಗಿದ ಮೇಲೂ ಗೋಲಿಯಂತೆ ದುಂಡಗೆ ಇರುತ್ತದೆ. ಹುರಿಗೆ ತೆಂಗಿನ ಕತ್ತ.

ಹುಡುಗಿ ಹತ್ತು ನಿಮಿಷ ಆಡಿ ಬದಿಗಿಟ್ಟಳು. ಅವಳ ತೀರ್ಪು ಸರಿಯಾಗಿತ್ತು. ಒಣಗಿದ ಹೊನ್ನೆಕಾಯಿ ತೀರಾ ಹಗುರ, ಹುರಿಯ ತೂಕ ಹೆಚ್ಚುಕಡಿಮೆ ಗುಂಡಿನಷ್ಟೇ. ಗುಂಡು ಮೇಲೇಳುವಾಗ ಬಿರುಸಾದ ಕತ್ತದ ಹುರಿ ಅದನ್ನು ಅಡ್ಡಡ್ಡ ಎಳೆಯುತ್ತದೆ. ಯಾವ ಕಡೆ ಹೋದೀತೆಂದು ಊಹಿಸಲಾಗುವುದಿಲ್ಲ. ಊಹೆಗೆ ಸಿಗದ ಆಟದಲ್ಲಿ ಕಲಿಯುವುದಕ್ಕೆ ಏನೂ ಇರುವುದಿಲ್ಲ. ಇತ್ತ ಗೆರಟೆಯ ಬಾಯಿ ಎಷ್ಟು ಅಗಲವೆಂದರೆ, ಗುಂಡು ಒಮ್ಮೆ ಮೇಲೆ ಬಂದರೆ ಬೀಳುವುದೇ ಅದರೊಳಗೆ. ಎಗರಿಸುವುದು ಅದೃಷ್ಟ, ಹಿಡಿಯುವುದು ಸಲೀಸು. ಕೈಗೆ ಕೆಲಸವೇ ಇಲ್ಲ.

ಇದೇ ತೊಡಕನ್ನು ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಜನ ಬಿಡಿಸಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ಈ ಆಟಿಕೆಯ ಹೆಸರು ಬಿಲ್ಬೊಕೆ. 16ನೇ ಶತಮಾನದ ಕೊನೆಯಲ್ಲಿ ದೊರೆ 3ನೇ ಹೆನ್ರಿಗೆ ಇದರ ಗೀಳು ಹಿಡಿದಿತ್ತು. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಇದರಲ್ಲಿ ನುರಿತಿದ್ದಳು. ಬಿಡದೆ ನೂರಕ್ಕೂ ಹೆಚ್ಚು ಸಲ ಗುಂಡನ್ನು ಹಿಡಿಯ ಇನ್ನೊಂದು ತುದಿಯ ಮೊನೆಯ ಮೇಲೆ ಹಿಡಿದದ್ದುಂಟು ಎಂದು ಅವಳ ಸೋದರಳಿಯ ಬರೆದಿಟ್ಟಿದ್ದಾನೆ. ಮೆಕ್ಸಿಕೋದಲ್ಲಿ ಇದು ಬಲೇರೊ. ಜಪಾನಿನಲ್ಲಿ ಕೆಂಡಾಮಾ: ಕೆನ್ ಅಂದರೆ ಕತ್ತಿ, ತಾಮಾ ಅಂದರೆ ಗುಂಡು. ಈಗ ಕಾಣುವ ಕೆಂಡಾಮಾದ ಆಕಾರ ಕೊಟ್ಟವನು ಹಮಾಜಿ ಎಗುಸಾ. 1919ರಲ್ಲಿ ಅದನ್ನು ನೋಂದಾಯಿಸಿದ. ಕೆಂಪು ಗುಂಡು ಸೂರ್ಯನಂತೆ, ಆಳವಿಲ್ಲದ ಬಟ್ಟಲು ಬಿದಿಗೆ ಚಂದ್ರನಂತೆ ಕಾಣುವುದರಿಂದ ಆಟಿಕೆಗೆ ಸೂರ್ಯ-ಚಂದ್ರರ ಹೆಸರನ್ನೇ ಇಟ್ಟಿದ್ದ. ಹಿರೋಶಿಮಾ ಬಳಿಯ ಹತ್ಸುಕಾಇಚಿ ಎಂಬ ಊರು ಮರಗೆಲಸಕ್ಕೆ ಹೆಸರಾದದ್ದು. ಅಲ್ಲಿನ ಮರ ಕಡೆಯುವ ಚರಕಿಗಳಲ್ಲಿ ಕೆಂಡಾಮಾ ತಯಾರಾಗತೊಡಗಿತು. ಇಂದು ಈ ಆಟದ ವಿಶ್ವಕಪ್ ನಡೆಯುವುದೂ ಅದೇ ಊರಿನಲ್ಲಿ.

ಎಗುಸಾನ ವಿನ್ಯಾಸದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಅಂಶ: ಬಟ್ಟಲಿಗಿಂತ ಗುಂಡು ದೊಡ್ಡದು. ಗುಂಡಿನ ವ್ಯಾಸ ಸುಮಾರು 6 ಸೆಂಟಿಮೀಟರ್, ಬಟ್ಟಲಿನ ಬಾಯಿ ಅದಕ್ಕಿಂತ ಕಿರಿದು. ಗುಂಡು ಬಟ್ಟಲೊಳಗೆ ಬೀಳುವುದಿಲ್ಲ, ಅಂಚಿನ ಮೇಲೆ ಕೂರುತ್ತದೆ. ಸಿಂಬೆಯ ಮೇಲೆ ಕೊಡ ಕೂತ ಹಾಗೆ.

ಹೀಗಾದೊಡನೆ ಬಟ್ಟಲಿನ ಅಗಲವೇ ಆಟದ ಕಷ್ಟವನ್ನು ಅಳೆಯುವ ಅಳತೆಗೋಲಾಗುತ್ತದೆ. ಗುಂಡು ನಿಲ್ಲಬೇಕಾದರೆ ಅದರ ಗುರುತ್ವಕೇಂದ್ರ ಅಂಚಿನ ಉಂಗುರದೊಳಗೆ ಬೀಳಬೇಕು. 4 ಸೆಂ.ಮೀ. ಅಗಲದ ಬಾಯಿಯಾದರೆ ನಡುವಿನಿಂದ ಯಾವ ಕಡೆಗಾದರೂ 2 ಸೆಂ.ಮೀ.ವರೆಗಿನ ತಪ್ಪಿಗೆ ಕ್ಷಮೆಯುಂಟು. ಹಿಡಿದ ಮೇಲೆ ಕೈ ವಾಲಿದರೂ ಸುಮಾರು 42 ಡಿಗ್ರಿಯವರೆಗೆ ಗುಂಡು ಉರುಳುವುದಿಲ್ಲ. ಬಾಯಿಯನ್ನು 3 ಸೆಂ.ಮೀ.ಗೆ ಇಳಿಸಿದರೆ ಆ ಅವಕಾಶ 30 ಡಿಗ್ರಿಗೆ ಇಳಿಯುತ್ತದೆ. ಒಂದೇ ಸೆಂಟಿಮೀಟರಿನ ವ್ಯತ್ಯಾಸ. ಕೈಗೆ ಮಾತ್ರ ಅದು ಬೇರೆಯೇ ಆಟ. ಕೆಂಡಾಮಾಕ್ಕೆ ಒಂದರ ಬದಲು ದೊಡ್ಡದು, ಚಿಕ್ಕದು, ನಡುವಿನದು ಎಂದು ಮೂರು ಬಟ್ಟಲು, ಅದರ ಮೇಲೊಂದು ಮೊನೆ ಇರುವುದು ಇದಕ್ಕೇ. ಮಗು ಒಂದು ಮೆಟ್ಟಿಲು ಹತ್ತಿದೊಡನೆ ಅದೇ ಆಟಿಕೆಯಲ್ಲಿ ಇನ್ನೊಂದು ಮೆಟ್ಟಿಲು ಕಾದಿರುತ್ತದೆ.

ಗೆರಟೆ ಬಿಟ್ಟು ಬಿದಿರಿಗೆ ಬಂದೆ. 16 ಸೆಂ.ಮೀ. ಉದ್ದದ ಅಂಡೆಯ ಒಂದು ತುದಿಯ ಬಾಯಿಯನ್ನು ಒಳಗಿನಿಂದ ಕೆರೆದು 4 ಸೆಂ.ಮೀ.ಗೆ ತಂದೆ. ಇನ್ನೊಂದು ತುದಿಯೊಳಗೆ ತೆಳು ಬಿದಿರಿನ ತುಂಡು ತುರುಕಿ 3 ಸೆಂ.ಮೀ. ಬಾಯಿ ಮಾಡಿದೆ. ನಡುವೆ ತೂತು ಕೊರೆದು ದಾರ ಕಟ್ಟಿದೆ. ಹಿಡಿಯೂ ಅದೇ, ಎರಡು ಬಟ್ಟಲೂ ಅದೇ.

ಗುಂಡಿಗೆ ಯಾವ ಮರ? 6 ಸೆಂ.ಮೀ. ವ್ಯಾಸದ ಗುಂಡಿನ ಗಾತ್ರ 113 ಘನ ಸೆಂಟಿಮೀಟರ್. ಅದನ್ನು ಶಿವನೆಯಲ್ಲಿ ಕಡೆದರೆ ತೂಕ 55 ಗ್ರಾಂ ಆಸುಪಾಸು, ಸಾಗುವಾನಿಯಲ್ಲಿ 73, ಮತ್ತಿಯಲ್ಲಿ 95 ದಾಟುತ್ತದೆ. ಜಪಾನಿನ ಗುಂಡುಗಳ ತೂಕ 70 ಗ್ರಾಂ ಸುಮಾರಿಗೆ ಇರುತ್ತದೆ. ಬೀಚ್‌ನಂಥ ಗಟ್ಟಿ ಮರದಲ್ಲಿ ಮಾಡುತ್ತಾರೆ. ನಮ್ಮ ಸಾಗುವಾನಿ ಅದಕ್ಕೆ ತಕ್ಕ ಜೋಡಿ. ತೊಟ್ಟಿಲಿನ ಕಂಬ ಕಡೆಯುವ ಆಚಾರಿಯೊಬ್ಬರು ಉಳಿದ ತುಂಡಿನಲ್ಲೇ ಕಡೆದುಕೊಟ್ಟರು. ಚನ್ನಪಟ್ಟಣದ ಗೊಂಬೆಗಳಂತೆ ಅರಗಿನ ಬಣ್ಣ ಹಚ್ಚಬೇಕೆಂದು ನನ್ನ ಆಸೆಯಿತ್ತು. ಅಲ್ಲಿ ಚರಕಿಯಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೇದಗೆ ಜಾತಿಯ ಎಲೆ ಹಿಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ನೋಡಲು ಅಷ್ಟು ಚೆಂದದ್ದು ಈ ಆಟಕ್ಕೆ ಮಾತ್ರ ಹೊಂದುವುದಿಲ್ಲ. ನುಣುಪಾದ ಗುಂಡು ಅಂಚಿನ ಮೇಲೆ ಜಾರುತ್ತದೆ. ಹಿಡಿದದ್ದು ನಿಲ್ಲಬೇಕಾದರೆ ಒಂದಿಷ್ಟು ಒರಟುತನ ಬೇಕು. ಮರವನ್ನು ಬರಿದಾಗಿಯೇ ಬಿಟ್ಟೆ.

ಹುರಿಯ ಮಾತಿಗೆ ಬಂದರೆ, ಕತ್ತದ ಹುರಿಯೂ ಬಾಳೆನಾರಿನ ದಾರವೂ ಹೊಸೆದದ್ದು. ಭಾರ ತೂಗಿದೊಡನೆ ಹೊಸೆತ ಬಿಚ್ಚಿಕೊಳ್ಳತೊಡಗುತ್ತದೆ, ಗುಂಡು ತನ್ನಷ್ಟಕ್ಕೆ ಗಿರಗಿರ ಸುತ್ತುತ್ತದೆ. ಹತ್ತಿರದ ಕೇಣಿಯಲ್ಲಿ, ಬೇಲೇಕೇರಿಯಲ್ಲಿ ಮೀನುಗಾರರು ಬಲೆಗೆ ಬಳಸುವ ನೈಲಾನ್ ದಾರದಲ್ಲಿ ಜಡೆಯಂತೆ ಹೆಣೆದ ಬಗೆಯೊಂದಿದೆ. ಅದು ಬಿಚ್ಚಿಕೊಳ್ಳುವುದಿಲ್ಲ, ಹಗುರ, ಬಳುಕುತ್ತದೆ. ಅದನ್ನೇ 40 ಸೆಂ.ಮೀ. ಕತ್ತರಿಸಿದೆ.

ಈಗ ಅಸಲು ಸಂಗತಿ. ಗುಂಡನ್ನು ಸರಕ್ಕನೆ ಮೇಲಕ್ಕೆ ಎಳೆದಾಗ ನಡೆಯುವುದೆಲ್ಲ ಅರ್ಧ ಸೆಕೆಂಡಿನೊಳಗಿನ ಕತೆ. ದಾರ ಸಡಿಲಾದ ಮೇಲೆ ಗುಂಡು ತಾನೇ ಸುಮಾರು 45 ಸೆಂ.ಮೀ. ಏರಿದರೆ ಬಟ್ಟಲಿಗಿಂತ ಮೇಲೆ ಹೋಗುತ್ತದೆ. ಅದಕ್ಕೆ ಸೆಕೆಂಡಿಗೆ 3 ಮೀಟರ್ ವೇಗ ಬೇಕು. ಆ ವೇಗವನ್ನು ಕೈ 15 ಸೆಂ.ಮೀ. ಎಳೆತದಲ್ಲಿ ಕೊಡಬೇಕಾದರೆ, ದಾರದ ಮೇಲೆ ಬೀಳುವ ಸೆಳೆತ ಗುಂಡಿನ ತೂಕದ ನಾಲ್ಕು ಪಟ್ಟು. ದಾರಕ್ಕೆ ಇದು ಏನೂ ಅಲ್ಲ. ಗಂಟಿಗೆ ಮಾತ್ರ ಪರೀಕ್ಷೆ. ಏರಲು 0.3 ಸೆಕೆಂಡು, ತುದಿ ಮುಟ್ಟಿ ಬಟ್ಟಲಿಗೆ ಇಳಿಯಲು ಇನ್ನೊಂದು 0.1 ಸೆಕೆಂಡು. ಒಟ್ಟು 0.4.

ಕಣ್ಣು ಕಂಡದ್ದಕ್ಕೆ ಕೈ ಉತ್ತರ ಕೊಡಲು ಸುಮಾರು 0.2 ಸೆಕೆಂಡು ಬೇಕು. ಅಂದರೆ ಗುಂಡಿನ ಹಾರಾಟದ ಅರ್ಧ ಹೊತ್ತು ಕಣ್ಣಿನ ಸುದ್ದಿ ಕೈಗೆ ತಲುಪುವುದರಲ್ಲೇ ಕಳೆದುಹೋಗುತ್ತದೆ. ನೋಡಿಕೊಂಡು ಹಿಡಿಯುತ್ತೇನೆ ಅಂದರೆ ಆಗದು. ಗುಂಡು ಎಲ್ಲಿಗೆ ಬರಲಿದೆ ಎಂದು ಮೊದಲೇ ಲೆಕ್ಕ ಹಾಕಿ ಕೈ ಅಲ್ಲಿ ಕಾಯಬೇಕು. ಆ ಲೆಕ್ಕ ನಡೆಯುವ ಮುಖ್ಯ ಜಾಗ ತಲೆಯ ಹಿಂಬದಿಯ ಕಿರುಮೆದುಳು. ಪ್ರತಿ ಸೋಲಿನಲ್ಲೂ ಊಹಿಸಿದ್ದಕ್ಕೂ ನಡೆದದ್ದಕ್ಕೂ ಎಷ್ಟು ಅಂತರವಿತ್ತೆಂದು ಅದು ಅಳೆದು, ಮುಂದಿನ ಊಹೆಯನ್ನು ಅಷ್ಟು ತಿದ್ದಿಕೊಳ್ಳುತ್ತದೆ. ದಾರವನ್ನು ಮೊಟಕು ಮಾಡಿದರೆ ತಿದ್ದಲು ಹೊತ್ತೇ ಸಾಲದು. ತೀರಾ ಉದ್ದ ಮಾಡಿದರೆ ಗುಂಡಿಗೆ ಹೆಚ್ಚು ವೇಗ ಕೊಡಬೇಕು, ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಅಳತೆಪಟ್ಟಿ ಹಿಡಿದು ನಾನು ಅಳೆದದ್ದು ದಾರವನ್ನು. ನಿಜಕ್ಕೂ ಕತ್ತರಿಸಿದ್ದು ಹೊತ್ತನ್ನು.

ಹುಡುಗಿಯ ಮೊದಲ ಕಷ್ಟ ಓಲಾಟ. 40 ಸೆಂ.ಮೀ. ದಾರದ ಗುಂಡು ಒಂದು ಲೋಲಕ. ಹೋಗಿ ಬರಲು ಅದಕ್ಕೆ ಸುಮಾರು 1.3 ಸೆಕೆಂಡು. ಬರೀ 5 ಸೆಂ.ಮೀ. ಅತ್ತಿತ್ತ ಓಲುತ್ತಿದ್ದರೂ, ನಡುವೆ ಹಾಯುವಾಗ ಅದರ ಅಡ್ಡ ವೇಗ ಸೆಕೆಂಡಿಗೆ 25 ಸೆಂ.ಮೀ. ಆ ಗಳಿಗೆಯಲ್ಲಿ ಎಳೆದರೆ 0.4 ಸೆಕೆಂಡಿನಲ್ಲಿ ಗುಂಡು 10 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಬಟ್ಟಲು ಕ್ಷಮಿಸುವುದು ಎರಡೇ ಸೆಂಟಿಮೀಟರ್. ಅದಕ್ಕೇ ಎಳೆಯುವ ಮೊದಲು ಗುಂಡು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಎಂಟು ವರ್ಷದ ಮಕ್ಕಳಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ. ಅವಳು ಎರಡು ದಿನ ತೆಗೆದುಕೊಂಡಳು.

ಎರಡನೆಯ ಕಷ್ಟ ಪುಟಿತ. ಗುಂಡು ಸರಿಯಾಗಿ ಅಂಚಿಗೆ ಬಂದು ಟಕ್ಕೆಂದು ಬಡಿದು ಹಾರಿಹೋಗುತ್ತಿತ್ತು. ಇದಕ್ಕೆ ಪರಿಹಾರ ಬಾಳೆಗುಳಿ ಕಡೆಯಲ್ಲಿ ಹಂಚು ಏರಿಸುವವರಿಗೆ ಗೊತ್ತು. ಕೆಳಗಿನವನು ಎಸೆದ ಮಂಗಳೂರು ಹಂಚನ್ನು ಮಾಡಿನ ಮೇಲಿನವನು ಕೈಯನ್ನು ಅಲುಗದೆ ಚಾಚಿ ಹಿಡಿಯುವುದಿಲ್ಲ. ಹಂಚು ಬೆರಳಿಗೆ ತಾಗುವ ಹೊತ್ತಿಗೆ ಅವನ ಕೈ ಹಂಚು ಸಾಗುವ ದಿಕ್ಕಿಗೇ ಸಾಗುತ್ತಿರುತ್ತದೆ. ಹಂಚೂ ಒಡೆಯುವುದಿಲ್ಲ, ಬೆರಳೂ ಜಜ್ಜುವುದಿಲ್ಲ. ಗುಂಡು-ಗುಳಿಯಲ್ಲೂ ಹಾಗೆಯೇ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಇಳಿಯುವ ಗುಂಡಿನ ಜೊತೆ ಬಟ್ಟಲೂ 0.7 ಮೀಟರ್ ವೇಗದಲ್ಲಿ ಇಳಿದರೆ ಅವೆರಡರ ನಡುವಿನ ಡಿಕ್ಕಿ ಬರೀ 0.3 ಮೀಟರ್ ವೇಗದ್ದು. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ನೂರರಲ್ಲಿ 9 ಪಾಲಿಗೆ ಇಳಿಯುತ್ತದೆ. ಪುಟಿಯಲು ಗುಂಡಿನಲ್ಲಿ ಏನೂ ಉಳಿಯುವುದಿಲ್ಲ. ಈ ಇಳಿತ ಮಣಿಕಟ್ಟಿನಿಂದ ಬಂದರೆ ಬಟ್ಟಲು ವಾಲುತ್ತದೆ, ಮೊಣಕಾಲಿನಿಂದ ಬಂದರೆ ನೆಟ್ಟಗೆ ಇಳಿಯುತ್ತದೆ. ಜಪಾನಿನ ಆಟಗಾರರು ಆರಂಭದಲ್ಲೇ ಮೊಣಕಾಲು ಮಡಿಸುವುದನ್ನು ಕಲಿಸುವುದು ಇದಕ್ಕಾಗಿ.

ಕೈ ಇಷ್ಟೆಲ್ಲ ಹೇಗೆ ಕಲಿಯುತ್ತದೆ ಎಂಬ ಕುತೂಹಲ ರೋಬಾಟ್ ವಿಜ್ಞಾನಿಗಳನ್ನೂ ಇದೇ ಆಟಿಕೆಯ ಬಳಿಗೆ ತಂದಿದೆ. 1996ರಲ್ಲಿ ಜಪಾನಿನ ಮಿತ್ಸುವೊ ಕವಾಟೊ ಮತ್ತು ಸಂಗಡಿಗರು, ಮನುಷ್ಯರು ಆಡುವುದನ್ನು ನೋಡಿ ಕೆಂಡಾಮಾ ಕಲಿಯುವ ರೋಬಾಟಿನ ಬಗ್ಗೆ ಬರೆದರು. ಮುಂದೆ ಜರ್ಮನಿಯಲ್ಲಿ ಯೆನ್ಸ್ ಕೋಬರ್ ಮತ್ತು ಯಾನ್ ಪೀಟರ್ಸ್ ಇನ್ನೊಂದು ಯಂತ್ರದ ತೋಳಿಗೆ ಗುಂಡು-ಬಟ್ಟಲು ಕೊಟ್ಟರು. ಮೊದಲು ಮನುಷ್ಯನೇ ತೋಳನ್ನು ಹಿಡಿದು ಚಲನೆ ತೋರಿಸಿದ. ತೋಳು ಅದನ್ನು ಅನುಕರಿಸಿ ಸೋತಿತು. ಬಳಿಕ ತಾನೇ ಸ್ವಲ್ಪ ಸ್ವಲ್ಪ ಬದಲಿಸುತ್ತ, ಗುಂಡು ಬಟ್ಟಲಿಗೆ ಎಷ್ಟು ಹತ್ತಿರ ಬಂತೆಂದು ಅಂಕ ಪಡೆಯುತ್ತ, ಸುಮಾರು 100 ಯತ್ನಗಳಲ್ಲಿ ಪಳಗಿತು. ಸೋತು ಸೋತು ಕಲಿಯುವ ಬಗೆಯನ್ನು ಅವರು ಗಣಿತದಲ್ಲಿ ಬರೆದುಕೊಟ್ಟಿದ್ದರು. ಎಳೆಯ ಕೈ ಒಂದು ಜಗಲಿಯಲ್ಲಿ ಕೂತು ದಿನಕ್ಕೆ ಇಂಥ ನೂರು ಯತ್ನ ಮಾಡುತ್ತದೆಂದು ನೆನೆದಾಗ ನನಗೆ ಆ ಕೈಯ ಮೇಲಿನ ಗೌರವ ಹೆಚ್ಚುತ್ತದೆ.

ಗುಂಡಿನ ತೂತಿಗೆ ಮೊನೆ ಸಿಕ್ಕಿಸುವ ಬಗೆಯನ್ನು ನಾನು ಈ ಸಲ ಮಾಡಲಿಲ್ಲ. ಅದರಲ್ಲಿ ತೂತು ಸದಾ ಕೆಳಮುಖವಾಗಿ ಇರಬೇಕು. ಅದಕ್ಕಾಗಿ ಎಳೆಯುವ ಮೊದಲು ಗುಂಡನ್ನು ಬುಗುರಿಯಂತೆ ತಿರುಗಿಸುತ್ತಾರೆ. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಎಂಟು ವರ್ಷದವಳ ಕೈಗೆ ಚೂಪು ಮೊನೆ ಕೊಡಲು ಮನಸ್ಸು ಬರಲಿಲ್ಲ. ಹಾಗೆಯೇ ಒಂದು ಎಚ್ಚರ: ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹೊನ್ನೆಕಾಯಿಯಂಥ ಸಣ್ಣ ಗುಂಡು ಬೇಡ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯಕ್ಕಾಗಿ ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 44.5 ಮಿಲಿಮೀಟರ್ ತೂತಿನಲ್ಲಿ ಹಾದುಹೋಗುವ ಗುಂಡನ್ನು ಆ ವಯಸ್ಸಿನವರಿಗೆ ಒಪ್ಪುವುದಿಲ್ಲ. ದಾರವೂ ಅವರ ಕೈಗೆ ಸಿಗಬಾರದು.

ರಜೆಯ ಕೊನೆಯ ವಾರ ಮೊದಲ ಮಳೆ ಬಂತು. ಮಾಡಿನ ನೀರು ಸುರಿಯುತ್ತಿದ್ದಾಗ ಜಗಲಿಯಿಂದ ಟಕ್, ಟಕ್, ಟಕ್ ಎಂಬ ಸದ್ದು. ಇಣುಕಿದೆ. ಗುಂಡು ನಿಲ್ಲುವವರೆಗೆ ಅವಳು ತುಟಿ ಕಚ್ಚಿ ಕಾಯುತ್ತಿದ್ದಳು, ನೆಟ್ಟಗೆ ಎಳೆಯುತ್ತಿದ್ದಳು, ಯಾರೂ ಹೇಳದಿದ್ದರೂ ಗುಂಡು ಇಳಿಯುವಾಗ ಮೊಣಕಾಲು ಮಡಿಸುತ್ತಿದ್ದಳು. ಸದ್ದು ಮೊದಲಿನಂತೆ ಗಡುಸಾಗಿರಲಿಲ್ಲ, ಬಾಗಿಲನ್ನು ಮೆಲ್ಲಗೆ ಮುಚ್ಚಿದಂತಿತ್ತು. ಏಳು ಸಲ ಬಿಡದೆ ಹಿಡಿದಳು. ಎಂಟನೆಯದು ತಪ್ಪಿತು. ದಾರವನ್ನು ಬಿಡಿಸಿಕೊಂಡು ಬಿದಿರನ್ನು ತಲೆಕೆಳಗು ಮಾಡಿ, ಮೂರು ಸೆಂಟಿಮೀಟರಿನ ಬಾಯಿಯನ್ನು ಮೇಲಕ್ಕೆ ಹಿಡಿದು, ಗುಂಡು ನಿಲ್ಲಲೆಂದು ಕಾಯತೊಡಗಿದಳು.