ಹತ್ತು ಅಶ್ವಶಕ್ತಿಯನ್ನು ನೀರಿಗೆ ಒಪ್ಪಿಸುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆ 61 ದಿನ ಕಡಲಿಗಿಳಿಯುವ ಅವಕಾಶ ನಾಡದೋಣಿಗಳಿಗೆ ಮಾತ್ರ. ಎಂಜಿನ್ ಕಟ್ಟಿಕೊಂಡರೂ ಅದು 10 ಅಶ್ವಶಕ್ತಿ ಮೀರುವಂತಿಲ್ಲ. ಗಂಗೊಳ್ಳಿ, ಉಪ್ಪುಂದ, ಮಲ್ಪೆಯ ದೋಣಿಗಳ ಹಿಂಬದಿಯಲ್ಲಿ ‘9.9’ ಎಂದು ಬರೆದ ಔಟ್‌ಬೋರ್ಡ್ ಎಂಜಿನ್ನುಗಳು ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಶಕ್ತಿ ಹೆಚ್ಚಿಸಿ ವೇಗ ಪಡೆಯುವ ದಾರಿ ಇಲ್ಲಿ ಮುಚ್ಚಿದೆ. ಉಳಿದಿರುವುದು ಇರುವ ಶಕ್ತಿಯನ್ನು ನೀರಿಗೆ ಹೇಗೆ ಒಪ್ಪಿಸುತ್ತೇವೆ ಎಂಬುದಷ್ಟೇ. ಅದನ್ನು ತೀರ್ಮಾನಿಸುವುದು ಎರಡು ಸಂಗತಿ: ಯಾವ ಪ್ರೊಪೆಲ್ಲರ್, ಎಂಜಿನ್ನನ್ನು ಎಷ್ಟು ಎತ್ತರದಲ್ಲಿ ಕಟ್ಟಿದ್ದೇವೆ. ಎಂಜಿನ್ನಿನ ಕಂಪನಿ ಯಾವುದೆಂದು ಗಂಟೆಗಟ್ಟಲೆ ಚರ್ಚಿಸುವವರೂ ಪೆಟ್ಟಿಗೆಯಲ್ಲಿ ಬಂದ ಪ್ರೊಪೆಲ್ಲರನ್ನೇ ಹಾಕಿಕೊಂಡು ಸುಮ್ಮನಾಗುತ್ತಾರೆ. ನನಗೆ ಇದು ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ.

ಪ್ರೊಪೆಲ್ಲರಿನ ನಡುವಿನ ಗುಬ್ಬಟೆಯ ಮೇಲೋ ಅಲಗಿನ ಬುಡದಲ್ಲೋ ಉಪ್ಪು, ಪಾಚಿ ಉಜ್ಜಿ ತೆಗೆದರೆ ಕೆತ್ತಿದ ಎರಡು ಅಂಕಿಗಳು ಸಿಗುತ್ತವೆ: 9¼ × 9 ಎಂಬಂತೆ, ಅಂಗುಲಗಳಲ್ಲಿ. ಮೊದಲನೆಯದು ಅಲಗುಗಳ ತುದಿ ಬಿಡಿಸುವ ವೃತ್ತದ ವ್ಯಾಸ. ಎರಡನೆಯದು ಪಿಚ್. ನೀರು ಜಗ್ಗದ ಗಟ್ಟಿ ವಸ್ತುವಾಗಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಕೊರೆದುಕೊಂಡು ಹೋಗುತ್ತಿತ್ತೋ ಅಷ್ಟು ದೂರ ಅದು. ನೀರು ಜಗ್ಗುತ್ತದೆ, ಆದ್ದರಿಂದ ದೋಣಿ ಅಷ್ಟು ಮುಂದೆ ಹೋಗುವುದಿಲ್ಲ. ಈ ಕೊರತೆಗೆ ‘ಸ್ಲಿಪ್’ ಎನ್ನುತ್ತಾರೆ.

ಲೆಕ್ಕ ಮಾಡಿ ನೋಡಬಹುದು. ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗುತ್ತಿದೆ ಎನ್ನಿ. ಕೆಳಗಿನ ಗೇರು ಅದನ್ನು 2.08 ಪಾಲು ಇಳಿಸುತ್ತದೆ. ಪ್ರೊಪೆಲ್ಲರಿಗೆ ತಲುಪುವುದು ಸುಮಾರು 2,650 ಸುತ್ತು. ಪಿಚ್ 9 ಅಂಗುಲವಾದರೆ ಗಂಟೆಗೆ 36 ಕಿಲೋಮೀಟರು! ಹಗುರಾದ ವಿಹಾರದ ದೋಣಿ ನೀರಿನ ಮೇಲೆ ಜಾರುತ್ತ ಇದರ ಹತ್ತಿರಕ್ಕೆ ಹೋಗಬಹುದು, ಅಲ್ಲಿ ಸ್ಲಿಪ್ ಶೇ 10ರಿಂದ 20 ಇರುತ್ತದೆ. ಬಲೆ, ಮಂಜುಗಡ್ಡೆ, ನಾಲ್ಕೈದು ಜನ ತುಂಬಿದ ನಾಡದೋಣಿಯ ಕಥೆ ಬೇರೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ 25 ಅಡಿ ಉದ್ದ ಕೂತ ದೋಣಿಗೆ ಆ ಮಿತಿ ಸುಮಾರು 6.7 ನಾಟ್, ಅಂದರೆ ಗಂಟೆಗೆ 12 ಕಿಲೋಮೀಟರು ಚಿಲ್ಲರೆ. ಅದನ್ನು ದಾಟಲು ಸುರಿಯಬೇಕಾದ ಎಣ್ಣೆ ಕಡಿದಾಗಿ ಏರುತ್ತದೆ.

ಇಂಥ ದೋಣಿಗೆ 36 ಕಿಲೋಮೀಟರಿನ ಪಿಚ್ ಕಟ್ಟಿದರೆ ಎಂಜಿನ್ 5,500ಕ್ಕೆ ಏರುವುದೇ ಇಲ್ಲ. ಥ್ರಾಟಲ್ ಪೂರ್ತಿ ತಿರುಗಿಸಿದರೂ 4,400ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ತುಂಬಿದ ಲಾರಿ ಆಗುಂಬೆ ಘಾಟಿಯನ್ನು ನಾಲ್ಕನೇ ಗೇರಿನಲ್ಲಿ ಹತ್ತಲು ಹೊರಟ ಹಾಗೆ. ಎಂಜಿನ್ನಿನ ಮೇಲೆ ಬರೆದ 9.9 ಅಶ್ವಶಕ್ತಿ ಸಿಗುವುದು ಅದರ ಗರಿಷ್ಠ ವೇಗದ ವ್ಯಾಪ್ತಿಯಲ್ಲಿ ಮಾತ್ರ, ಬಹಳಷ್ಟು ಎಂಜಿನ್ನುಗಳಿಗೆ ಅದು 5,000ದಿಂದ 6,000 ಸುತ್ತು. ತಿರುಚುವ ಬಲ ಅಷ್ಟೇ ಇದ್ದು ಸುತ್ತು 4,400ಕ್ಕೆ ನಿಂತರೆ ಕೈಗೆ ಬರುವುದು ಹೆಚ್ಚುಕಡಿಮೆ ಎಂಟು ಅಶ್ವಶಕ್ತಿ. ಸರ್ಕಾರ ಹತ್ತಕ್ಕೆ ಗೆರೆ ಹಾಕಿದೆ, ನಾವು ಪ್ರೊಪೆಲ್ಲರಿನಿಂದ ಎಂಟಕ್ಕೆ ಇಳಿಸಿಕೊಂಡಿದ್ದೇವೆ! ಅದರ ಜೊತೆಗೆ ಸಿಲಿಂಡರಿನಲ್ಲಿ ಮಸಿ ಕಟ್ಟುತ್ತದೆ, ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ.

ಪರಿಹಾರ ಪಿಚ್ ಇಳಿಸುವುದು. ಒಂದು ಅಂಗುಲ ಇಳಿಸಿದರೆ ಎಂಜಿನ್ 150ರಿಂದ 200 ಸುತ್ತು ಮೇಲೇರುತ್ತದೆ ಎಂಬುದು ಕೆಲಸದವರ ಲೆಕ್ಕ. ಹಾಗಾಗಿ ಮಾಡಬೇಕಾದದ್ದು ಇಷ್ಟೇ: ನಿತ್ಯದ ಹೊರೆ ತುಂಬಿ, ನದಿಯ ನಿಂತ ನೀರಿನಲ್ಲಿ ಥ್ರಾಟಲ್ ಪೂರ್ತಿ ತೆರೆದು, ಸ್ಪಾರ್ಕ್‌ಪ್ಲಗ್ಗಿನ ತಂತಿಗೆ ಸುತ್ತುವ ಪುಟ್ಟ ಟ್ಯಾಕೊಮೀಟರಿನಲ್ಲಿ ಸುತ್ತು ಓದುವುದು. ಕಡಿಮೆ ಬಂದರೆ ಪಿಚ್ ಇಳಿಸಿ, ಮಿತಿ ಮೀರಿದರೆ ಏರಿಸಿ. ಬರಿದೋಣಿಯಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಪಿಚ್ ಇಳಿಸಿದರೆ ವೇಗ ಕಡಿಮೆಯಾಗುವುದಿಲ್ಲವೇ ಎಂಬ ಅನುಮಾನ ಸಹಜ. ದೋಣಿಯನ್ನು ಮುಂದೆ ತಳ್ಳುವುದು ಹಿಂದಕ್ಕೆ ಎಸೆದ ನೀರಿನ ಪ್ರತಿಕ್ರಿಯೆ. ಹೆಚ್ಚು ನೀರನ್ನು ನಿಧಾನವಾಗಿ ಎಸೆದರೂ ಸರಿ, ಕಡಿಮೆ ನೀರನ್ನು ಜೋರಾಗಿ ಎಸೆದರೂ ಸರಿ, ತಳ್ಳುವ ಬಲ ಒಂದೇ ಇರಬಹುದು. ಆದರೆ ಬಲ ಏರುವುದು ಎಸೆತದ ವೇಗಕ್ಕೆ ತಕ್ಕಂತೆ, ವ್ಯರ್ಥವಾಗುವ ಚಲನಶಕ್ತಿ ಏರುವುದು ಆ ವೇಗದ ವರ್ಗಕ್ಕೆ ತಕ್ಕಂತೆ. ಎರಡು ಪಾಲು ನೀರನ್ನು ಅರ್ಧ ವೇಗದಲ್ಲಿ ಎಸೆದರೆ ಅದೇ ಬಲ ಅರ್ಧ ನಷ್ಟದಲ್ಲಿ ಸಿಗುತ್ತದೆ. 1865ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ವಿಲಿಯಂ ರ‍್ಯಾಂಕಿನ್ ಬರೆದಿಟ್ಟ ವಾದದ ತಿರುಳು ಇದು. ಅಂದರೆ ಭಾರದ ದೋಣಿಗೆ ಅಗಲ ವ್ಯಾಸ, ಕಡಿಮೆ ಪಿಚ್, ನಿಧಾನ ತಿರುಗಾಟ ಒಳ್ಳೆಯದು. ತೊಡಕೆಂದರೆ, ಔಟ್‌ಬೋರ್ಡಿನ ಕಾಲಿನಲ್ಲಿ ಪ್ರೊಪೆಲ್ಲರಿನ ಮೇಲೆ ಒಂದು ಅಡ್ಡ ತಟ್ಟೆ ಇರುವುದರಿಂದ ವ್ಯಾಸವನ್ನು ಬೇಕಾದಷ್ಟು ಹಿಗ್ಗಿಸಲಾಗದು. ಅದಕ್ಕೇ ಕೆಲವು ಕಂಪನಿಗಳು ಅದೇ 9.9 ಅಶ್ವಶಕ್ತಿಯಲ್ಲಿ ಗೇರಿನ ಇಳಿತವನ್ನು 2.08ರ ಬದಲು 2.92 ಮಾಡಿ, ಹೆಚ್ಚು ಅಗಲದ ಪ್ರೊಪೆಲ್ಲರ್ ಹಿಡಿಸುವ ಮಾದರಿಯನ್ನು ಬೇರೆಯಾಗಿ ಮಾಡುತ್ತವೆ. ಹೊರೆ ಎಳೆಯುವವರಿಗೆ ಅದು ಹೇಳಿ ಮಾಡಿಸಿದ್ದು.

ಅಲಗು ಹೆಚ್ಚಿದಷ್ಟೂ ಒಳ್ಳೆಯದು ಎಂದು ಅನ್ನಿಸುವುದು ಸಹಜ. ಇಂಗ್ಲೆಂಡಿನ ರೈತ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮಾಡಿಸಿದ ಮರದ ಪ್ರೊಪೆಲ್ಲರ್ ಎರಡು ಪೂರ್ತಿ ಸುತ್ತಿನ ಉದ್ದನೆಯ ತಿರುಪು. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಓಡಿಸುವಾಗ ಏನಕ್ಕೋ ಬಡಿದು ಅದರ ಅರ್ಧ ಮುರಿದುಹೋಯಿತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ಜೋರಾಗಿ ಓಡಿತು. ಹೆಚ್ಚುವರಿ ಮೈಯೆಲ್ಲ ನೀರಿಗೆ ಉಜ್ಜಿಕೊಂಡು ಶಕ್ತಿ ತಿನ್ನುತ್ತಿತ್ತು. ಇಂದು ಮೂರು ಅಲಗು ರೂಢಿ. ನಾಲ್ಕು ಅಲಗಿನದು ತುಸು ವೇಗ ಕಳೆದುಕೊಂಡರೂ ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ನಡುಕ ಕಡಿಮೆ.

ಇನ್ನು ಎತ್ತರ. ಔಟ್‌ಬೋರ್ಡಿನ ಕಾಲು ಸಾಮಾನ್ಯವಾಗಿ 15, 20, 25 ಅಂಗುಲದ ಅಳತೆಗಳಲ್ಲಿ ಬರುತ್ತದೆ, ಎಂಜಿನ್ ಕೂರುವ ಹಿಂಬದಿಯ ಹಲಗೆಯ ಎತ್ತರಕ್ಕೆ ಹೊಂದುವಂತೆ. ಹೊಂದಿದೆಯೇ ಎಂದು ನೋಡಲು ದೋಣಿಯನ್ನು ದಡಕ್ಕೆ ಎಳೆದಾಗ ಒಂದು ನೇರವಾದ ರೀಪು ಸಾಕು. ಅದನ್ನು ದೋಣಿಯ ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿದರೆ, ಆಗಲೇ ಹೇಳಿದ ಅಡ್ಡ ತಟ್ಟೆ ರೀಪಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಅಂಗುಲದೊಳಗೆ ಕೆಳಗೆ ಇರಬೇಕು.

ಕೆಳಗಾದರೆ ನಷ್ಟ ನಿಧಾನದ್ದು. 15 ಅಂಗುಲದ ಹಲಗೆಗೆ 20 ಅಂಗುಲದ ಕಾಲು ಕಟ್ಟಿದರೆ 13 ಸೆಂಟಿಮೀಟರು ಲೋಹ ಸುಮ್ಮನೆ ನೀರು ಸೀಳುತ್ತಿರುತ್ತದೆ. ಈ ಎಳೆತಕ್ಕೆ ತೆರಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ಎಂಟು ಪಾಲು. ನೀರು ಚಿಮ್ಮಿ ಎಂಜಿನ್ನಿನ ಮೈಗೆ ಬಡಿಯುತ್ತದೆ, ತೀರದ ಮರಳಿಗೆ ಪ್ರೊಪೆಲ್ಲರ್ ಬೇಗ ತಾಗುತ್ತದೆ.

ಮೇಲಾದರೆ ನಷ್ಟ ಥಟ್ಟನೆ ಕಾಣುತ್ತದೆ. ತಿರುಗುವ ಅಲಗಿನ ಮುಂಬದಿಯಲ್ಲಿ ಒತ್ತಡ ಕುಸಿದಿರುತ್ತದೆ. ನೀರಿನ ಮೇಲ್ಮೈ ಹತ್ತಿರವಿದ್ದರೆ ಗಾಳಿ ಅತ್ತ ನುಗ್ಗುತ್ತದೆ. ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಅಲಗಿಗೆ ಹಿಡಿತ ತಪ್ಪಿ, ಎಂಜಿನ್ ಕಿರುಚುತ್ತ ಏರುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಗಾಳಿಗೆ ಅಡ್ಡ ನಿಲ್ಲುವುದೇ ಆ ತಟ್ಟೆಯ ಕೆಲಸ. ಅಷ್ಟೇ ಅಲ್ಲ, ಎಂಜಿನ್ನನ್ನು ತಣಿಸುವ ನೀರು ಒಳಹೋಗುವ ಜಾಲರಿಯೂ ಅದೇ ಕಾಲಿನಲ್ಲಿದೆ. ಜಾಲರಿ ಗಾಳಿ ಕುಡಿದರೆ ಪಂಪಿನ ರಬ್ಬರ್ ಚಕ್ರ ಒಣದಾಗಿ ತಿರುಗಿ ಸುಟ್ಟುಹೋಗುತ್ತದೆ. ಎಂಜಿನ್ನಿನ ಹಿಂಬದಿಯ ಸಣ್ಣ ತೂತಿನಿಂದ ಹೊರಬರುವ ನೀರಿನ ಧಾರೆ ತೆಳುವಾಯಿತೆಂದರೆ, ನಡುನಡುವೆ ಕಡಿಯಿತೆಂದರೆ, ಆ ಕ್ಷಣವೇ ಥ್ರಾಟಲ್ ಇಳಿಸಬೇಕು.

ಅಲಗಿಗೆ ಹೀಗೆ ಗಾಳಿ ನುಗ್ಗುವುದನ್ನು ಕ್ಯಾವಿಟೇಶನ್ ಎಂದು ಕರೆಯುವವರಿದ್ದಾರೆ, ಅದು ತಪ್ಪು. ಕ್ಯಾವಿಟೇಶನ್ನಿನಲ್ಲಿ ಹೊರಗಿನ ಗಾಳಿಗೆ ಪಾತ್ರವಿಲ್ಲ, ನೀರೇ ಕುದಿಯುತ್ತದೆ. 30 ಡಿಗ್ರಿ ಬೆಚ್ಚಗಿನ ನೀರೂ ಒತ್ತಡ ವಾತಾವರಣದ ಸುಮಾರು 24ರಲ್ಲಿ ಒಂದು ಪಾಲಿಗೆ ಇಳಿದರೆ ಆವಿಯ ಗುಳ್ಳೆಯಾಗುತ್ತದೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಉಗಿ ಟರ್ಬೈನಿನ ಹಡಗು ‘ಟರ್ಬೀನಿಯಾ’ ಇದೇ ಕಾರಣಕ್ಕೆ 20 ನಾಟ್ ದಾಟಲಾರದೆ ಒದ್ದಾಡಿತ್ತು. ಒಂದರ ಬದಲು ಮೂರು ದಂಡ, ಒಂಬತ್ತು ಪ್ರೊಪೆಲ್ಲರ್ ಹಾಕಿ ಹೊರೆ ಹಂಚಿದ ಮೇಲೆ 34 ನಾಟ್ ಮುಟ್ಟಿತು. ನಮ್ಮ ಸಣ್ಣ ಎಂಜಿನ್ನುಗಳಲ್ಲಿ ಈ ಕಾಟ ಹೆಚ್ಚಾಗಿ ಶುರುವಾಗುವುದು ಕಲ್ಲಿಗೆ ತಾಗಿ ಅಂಚು ಮಡಚಿದ ಅಲಗಿನಲ್ಲಿ. ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಆ ಜಾಗದ ಲೋಹ ಸಿಡುಬಿನ ಕಲೆಯಂತೆ ತೂತುತೂತಾಗುತ್ತದೆ. ಅರ ಹಿಡಿದು ಅಂಚನ್ನು ನಯ ಮಾಡುವುದು ಅರ್ಧ ಗಂಟೆಯ ಕೆಲಸ.

ರೀಪು ಹಿಡಿದು ನೋಡುವ ಎತ್ತರದ ಆ ಲೆಕ್ಕ ನಿಂತ ನೀರಿನದು. ಮಳೆಗಾಲದ ಅಳಿವೆಯಲ್ಲಿ ಅದು ನಡೆಯುವುದಿಲ್ಲ. ಗಂಗೊಳ್ಳಿಯಂಥ ಕಡೆ ಹೊಳೆಯ ಕೆಂಪು ನೀರು ಕಡಲಿಗೆ ನುಗ್ಗುವಲ್ಲಿ ತೆರೆ ಎದ್ದು ಒಡೆಯುತ್ತದೆ. ದೋಣಿಯ ಮೂತಿ ತೆರೆ ದಾಟಿ ಕೆಳಗಿಳಿಯುವಾಗ ಹಿಂಬದಿ ಮೇಲೇಳುತ್ತದೆ, ಪ್ರೊಪೆಲ್ಲರ್ ಗಾಳಿಗೆ ಬರುತ್ತದೆ. ತಳ್ಳುವ ಬಲ ಅತ್ಯಂತ ಬೇಕಾದ ಗಳಿಗೆಯಲ್ಲೇ ಅದು ಇಲ್ಲವಾಗುತ್ತದೆ, ದೋಣಿ ಅಡ್ಡ ತಿರುಗಿದರೆ ಮುಂದಿನ ತೆರೆ ಮಗುಚುತ್ತದೆ. ಅಲ್ಲಿ ಎಂಜಿನ್ ಎರಡು ಅಂಗುಲ ತಗ್ಗಿರುವುದಕ್ಕೆ ಸುಡುವ ಎಣ್ಣೆಯನ್ನು ದಂಡ ಎಂದು ನಾನು ಕರೆಯಲಾರೆ. ಬೇಸಿಗೆಯ ಶಾಂತ ಕಡಲಿನಲ್ಲಿ ಹಲಗೆಯ ಮೇಲೆ ಒಂದು ಅಂಗುಲ ದಪ್ಪದ ಗಟ್ಟಿ ಮರದ ಪಟ್ಟಿ ಇಟ್ಟು ಎಂಜಿನ್ನನ್ನು ಏರಿಸಿಕೊಳ್ಳಬಹುದು, ಜೂನ್ ಬರುವ ಮುಂಚೆ ತೆಗೆದುಬಿಡಬಹುದು. ಪಟ್ಟಿ ಇಟ್ಟಾಗಲೂ ತೆಗೆದಾಗಲೂ ಎರಡೂ ಕ್ಲಾಂಪಿನ ತಿರುಪುಗಳನ್ನು ಹೊಸದಾಗಿ ಬಿಗಿದು, ಎಂಜಿನ್ನಿನಿಂದ ದೋಣಿಗೆ ಒಂದು ಗಟ್ಟಿ ಹಗ್ಗ ಕಟ್ಟಿ, ತಣಿಸುವ ನೀರಿನ ಧಾರೆ ಸರಿಯಾಗಿದೆಯೇ ಎಂದು ಹೊಳೆಯೊಳಗೇ ಒಂದು ಸುತ್ತು ಓಡಿಸಿ ನೋಡಿಕೊಳ್ಳಬೇಕು.