ಕುಷ್ಠರೋಗ: ಮಾತ್ರೆಗೆ ಮೊದಲು ಭಯ ಹೋಗಲಿ

“ಆ ಮನೆಗೆ ಹೋಗ್ಬೇಡಿ ಅಕ್ಕಾ, ಅವ್ರಿಗೆ ‘ಅದು’ ಇದೆಯಂತೆ!” ಮನೆ ಭೇಟಿಗೆ ಹೊರಟ ಕಾರ್ಯಕರ್ತರಿಗೆ ಊರವರು ಹೀಗೆ ಹೇಳುವುದುಂಟು. ಕುಷ್ಠರೋಗದ ಹೆಸರೆತ್ತಲೂ ಜನರಿಗೆ ಹೆದರಿಕೆ. ಸೇವೆಗೆ ಹೊರಟವರ ಮನಸ್ಸಿನಲ್ಲೂ ಈ ಹೆದರಿಕೆ ಅಡಗಿರಬಹುದು.

ನಿಜ ಸಂಗತಿ ಏನು?

ಇದು ಶಾಪವಲ್ಲ, ಪಾಪದ ಫಲವಲ್ಲ, ವಂಶಪಾರಂಪರ್ಯವೂ ಅಲ್ಲ. ಇದಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದರು. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹುಕಾಲ ಹತ್ತಿರವಿದ್ದವರಿಗೆ ಹರಡಬಹುದು. ಅವರಲ್ಲೂ ಹೆಚ್ಚಿನವರಿಗೆ ಸಹಜ ನಿರೋಧಕ ಶಕ್ತಿ ಇರುತ್ತದೆ. ಕೈಕುಲುಕಿದರೆ, ಜೊತೆಗೆ ಕೂತು ಉಂಡರೆ ಬರುವುದಿಲ್ಲ. ಬಹು ಔಷಧ ಚಿಕಿತ್ಸೆ (ಎಂ.ಡಿ.ಟಿ.) ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 6 ಅಥವಾ 12 ತಿಂಗಳು ಮಾತ್ರೆ ತೆಗೆದುಕೊಂಡರೆ ರೋಗ ಗುಣವಾಗುತ್ತದೆ. ಮಾತ್ರೆ ಶುರುವಾದ ಮೇಲೆ ಬೇಗನೆ ಹರಡುವುದೂ ನಿಲ್ಲುತ್ತದೆ.

ಭಯ ಕೆಲಸ ಕೆಡಿಸುವುದು ಹೇಗೆ?

ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಇದರ ಮುಖ್ಯ ಲಕ್ಷಣ. ನೋವಿಲ್ಲದ್ದರಿಂದ ಮುಚ್ಚಿಡುವುದು ಸುಲಭ. ಮಗಳ ಮದುವೆ ನಿಂತೀತು, ಕೂಲಿ ತಪ್ಪೀತು ಎಂದು ಮುಚ್ಚಿಡುತ್ತಾರೆ. ಅಷ್ಟರಲ್ಲಿ ನರಗಳು ಕೆಟ್ಟು ಬೆರಳು ಮಡಚಿಕೊಳ್ಳಬಹುದು, ಅಂಗಾಲಿನಲ್ಲಿ ಹುಣ್ಣಾಗಬಹುದು. ಅದನ್ನು ಕಂಡ ಜನ ಇನ್ನಷ್ಟು ಹೆದರುತ್ತಾರೆ. ಹೀಗೆ ಭಯವೇ ಅಂಗವಿಕಲತೆಗೆ ದಾರಿಯಾಗುತ್ತದೆ.

ಕಾರ್ಯಕರ್ತರು ಅಂಗಳದಲ್ಲೇ ನಿಂತು ಮಾತಾಡಿಸಿ, ಕೊಟ್ಟ ನೀರನ್ನು “ಈಗಷ್ಟೇ ಕುಡ್ದೆ” ಎಂದು ನಿರಾಕರಿಸಿದರೆ ಮನೆಯವರಿಗೆ ಎಲ್ಲವೂ ಅರ್ಥವಾಗುತ್ತದೆ. ಮುಂದಿನ ಸಲ ಬಾಗಿಲು ತೆರೆಯದಿರಬಹುದು. ಮಾತ್ರೆ ಅರ್ಧಕ್ಕೇ ನಿಲ್ಲಬಹುದು. ಅತಿಯಾದ ಕನಿಕರವೂ ಪೂರ್ವಗ್ರಹವೇ. “ಪಾಪ, ಸಾಲ ತೀರಿಸೋಕಾಗಲ್ಲ” ಎಂದು ಸ್ವಸಹಾಯ ಸಂಘದಿಂದ ದೂರವಿಟ್ಟು ಅಕ್ಕಿ, ಬಟ್ಟೆ ಕೊಟ್ಟು ಕಳಿಸಿದರೆ ಅವರು ದುಡಿದು ತಿನ್ನುವ ಹಕ್ಕನ್ನೇ ಕಸಿದುಕೊಂಡಂತೆ.

ನಾವು ಏನು ಮಾಡೋಣ?

1. ಮನೆಯೊಳಗೆ ಕೂತು ಮಾತಾಡೋಣ; ಕೊಟ್ಟ ಚಹಾ ಕುಡಿಯೋಣ.
2. ರೋಗದ ವಿಷಯವನ್ನು ನೆರೆಹೊರೆಯಲ್ಲಾಗಲಿ, ಸಂಘದ ಸಭೆಯಲ್ಲಾಗಲಿ ಬಾಯಿಬಿಡದಿರೋಣ.
3. “ಕುಷ್ಠರೋಗಿ” ಎನ್ನದೆ ಅಣ್ಣ, ಅಕ್ಕ ಎಂದೇ ಕರೆಯೋಣ.
4. ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಗೇ ಹೋಗೋಣ. ಮನೆಯ ಉಳಿದವರಿಗೂ ತಪಾಸಣೆ ಮಾಡಿಸೋಣ.
5. ಗುಣವಾದವರನ್ನು ಸಂಘಕ್ಕೆ ಸೇರಿಸಿಕೊಳ್ಳೋಣ.

ಕುಷ್ಠರೋಗದ ಕಾರಣ ನೀಡಿ ವಿಚ್ಛೇದನ ಪಡೆಯಲು ಇದ್ದ ಅವಕಾಶವನ್ನು ಸಂಸತ್ತು 2019ರಲ್ಲಿ ವಿವಾಹ ಕಾನೂನುಗಳಿಂದ ತೆಗೆದುಹಾಕಿತು. ಕಾನೂನಿನ ಪುಸ್ತಕದಿಂದ ಹೋದದ್ದು ನಮ್ಮ ಮನಸ್ಸಿನಿಂದಲೂ ಹೋಗಬೇಡವೇ?