ಅಣ್ವಸ್ತ್ರ ಪ್ರಸರಣ ಮತ್ತು ಭಾರತದ ನಿಲುವು

ವಿದೇಶಾಂಗ ನೀತಿಯು ರಾಜಧಾನಿಯಲ್ಲಿ ರೂಪುಗೊಳ್ಳುವುದಾದರೂ ಅದರ ಫಲಾಫಲಗಳನ್ನು ಉಣ್ಣುವವರು ದೇಶದ ಸಮಸ್ತ ಜನರು. ಅಣ್ವಸ್ತ್ರಗಳ ವಿಷಯದಲ್ಲಂತೂ ಈ ಮಾತು ಮತ್ತಷ್ಟು ಸತ್ಯ. 1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿಯೂ 9ರಂದು ನಾಗಸಾಕಿಯಲ್ಲಿಯೂ ಬೆಂದು ಬೂದಿಯಾದವರಲ್ಲಿ ಬಹುಪಾಲು ಜನ ಯುದ್ಧದ ನಿರ್ಧಾರಗಳಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಸಾಮಾನ್ಯ ನಾಗರಿಕರು. ಆದುದರಿಂದ ಈ ವಿಷಯವನ್ನು ಕುರಿತು ವಿಚಾರ ಮಾಡುವ ಹಕ್ಕು ಪಂಡಿತರಿಗೂ ರಾಜತಂತ್ರಜ್ಞರಿಗೂ ಮಾತ್ರ ಮೀಸಲಾದುದಲ್ಲ.

ಆದರೆ ನಮ್ಮ ಚರ್ಚಾಕೂಟಗಳಲ್ಲಿ ಈ ವಿಷಯ ಬಂದಾಗ ಸಾಮಾನ್ಯವಾಗಿ ಎರಡೇ ಧ್ವನಿಗಳು ಕೇಳಿಬರುತ್ತವೆ. ಒಂದು, ಬಾಂಬು ಇದ್ದರೇ ಬಲ, ಬಲವಿದ್ದರೇ ಮರ್ಯಾದೆ ಎಂಬುದು. ಇನ್ನೊಂದು, ಬಾಂಬು ಪಾಪ, ಆದುದರಿಂದ ಯಾವ ಒಪ್ಪಂದ ಬಂದರೂ ಸಹಿ ಹಾಕಿಬಿಡಬೇಕು ಎಂಬುದು. ಭಾರತ ನಿಜವಾಗಿ ನಡೆದ ದಾರಿ ಇವೆರಡರ ನಡುವೆ ಇದ್ದಿತು. ಆ ದಾರಿಯ ಅತಿ ಮುಖ್ಯ ತಿರುವೊಂದು ನಮ್ಮ ಸೀಮೆಯ ಮತದಾರರು ಆರಿಸಿ ಕಳುಹಿಸಿದ್ದ ಪ್ರತಿನಿಧಿಯ ಆಡಳಿತಾವಧಿಯಲ್ಲಿಯೇ ಬಂದಿತು. 1994ರ ಚುನಾವಣೆಯಲ್ಲಿ ರಾಮನಗರ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಗಳಾದ ಶ್ರೀ ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ದೇಶದ ಪ್ರಧಾನಮಂತ್ರಿಗಳಾದರು. ಅವರು ಅಧಿಕಾರ ವಹಿಸಿಕೊಂಡು ಮೂರು ವಾರ ತುಂಬುವ ಮೊದಲೇ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸುವ ಜಾಗತಿಕ ಒಪ್ಪಂದಕ್ಕೆ ಭಾರತ ತನ್ನ ಅಸಮ್ಮತಿಯನ್ನು ಜಿನೀವಾದಲ್ಲಿ ಪ್ರಕಟಿಸಬೇಕಾಯಿತು. ಆ ನಿರಾಕರಣೆಯ ಅರ್ಥವೇನು, ಅದು ನಮ್ಮ ಮೇಲೆ ಹೊರಿಸಿರುವ ಹೊಣೆ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ಬೇಡಿಕೆಯನ್ನು ವಿಶ್ವದ ಮುಂದಿಟ್ಟವರಲ್ಲಿ ಭಾರತವೇ ಮೊದಲಿಗರ ಸಾಲಿನಲ್ಲಿ ನಿಲ್ಲುತ್ತದೆ. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ನಡೆಸಿದ ಜಲಜನಕ ಬಾಂಬಿನ ಸ್ಫೋಟದ ವಿಷಧೂಳಿಗೆ ದೂರದಲ್ಲಿದ್ದ ಜಪಾನೀ ಮೀನುಗಾರರು ಸಿಕ್ಕಿದರು. ಅದೇ ಏಪ್ರಿಲ್ 2ರಂದು ಶ್ರೀ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಮಾತನಾಡುತ್ತ, ಪೂರ್ಣ ನಿಶ್ಶಸ್ತ್ರೀಕರಣವಾಗುವವರೆಗೆ ಕಾಯದೆ ಪರೀಕ್ಷೆಗಳನ್ನಾದರೂ ಕೂಡಲೇ ತಡೆಹಿಡಿಯುವ ಒಪ್ಪಂದವಾಗಲಿ ಎಂದು ಸೂಚಿಸಿದರು. 1963ರಲ್ಲಿ ವಾತಾವರಣ, ಅಂತರಿಕ್ಷ ಮತ್ತು ನೀರಿನೊಳಗಿನ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದ ಮಾಸ್ಕೋದಲ್ಲಿ ಸಿದ್ಧವಾದಾಗ ಭಾರತ ತಡಮಾಡದೆ ಸಹಿ ಹಾಕಿತು.

1964ರ ಅಕ್ಟೋಬರ್ 16ರಂದು ಚೀನ ತನ್ನ ಮೊದಲ ಬಾಂಬನ್ನು ಸ್ಫೋಟಿಸಿತು. 1962ರ ಗಡಿಯುದ್ಧದ ಗಾಯ ಇನ್ನೂ ಮಾಯದಿದ್ದ ಕಾಲವದು. ಅನಂತರ 1968ರಲ್ಲಿ ಪ್ರಸರಣ ನಿಷೇಧ ಒಡಂಬಡಿಕೆ ಸಹಿಗೆ ಬಂದಿತು. 1967ರ ಜನವರಿ 1ಕ್ಕೆ ಮೊದಲು ಬಾಂಬು ತಯಾರಿಸಿ ಸ್ಫೋಟಿಸಿದ ರಾಷ್ಟ್ರಗಳು ಮಾತ್ರ ಅಣ್ವಸ್ತ್ರ ರಾಷ್ಟ್ರಗಳು, ಮಿಕ್ಕವರು ಅದನ್ನು ಎಂದಿಗೂ ಪಡೆಯಬಾರದು ಎಂಬುದು ಅದರ ತಿರುಳು. ಹೀಗೆ ಅಮೆರಿಕ, ರಷ್ಯ, ಬ್ರಿಟನ್, ಫ್ರಾನ್ಸ್, ಚೀನಗಳು ಒಂದು ಪಂಕ್ತಿಯಲ್ಲಿಯೂ ಉಳಿದ ಜಗತ್ತು ಇನ್ನೊಂದು ಪಂಕ್ತಿಯಲ್ಲಿಯೂ ಕುಳಿತಂತಾಯಿತು. ಮೇಲಿನ ಪಂಕ್ತಿಯವರು ನಿಶ್ಶಸ್ತ್ರೀಕರಣದ ಮಾತುಕತೆಯನ್ನು ಪ್ರಾಮಾಣಿಕವಾಗಿ ನಡೆಸತಕ್ಕದ್ದೆಂದು ಆರನೆಯ ವಿಧಿ ಹೇಳಿತಾದರೂ ಕಾಲಮಿತಿಯನ್ನು ಗೊತ್ತುಪಡಿಸಲಿಲ್ಲ. ಭಾರತ ಇದಕ್ಕೆ ಸಹಿ ಹಾಕಲಿಲ್ಲ.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನಿನಲ್ಲಿ ಭಾರತ ಮೊದಲ ಸ್ಫೋಟ ನಡೆಸಿತು. ಆ ಕಾರ್ಯದ ನೇತೃತ್ವ ವಹಿಸಿದ್ದವರು ತುಮಕೂರಿನಲ್ಲಿ ಜನಿಸಿದ ವಿಜ್ಞಾನಿ ಡಾ. ರಾಜಾ ರಾಮಣ್ಣನವರು. ಅದನ್ನು ಶಾಂತಿಯುತ ಸ್ಫೋಟವೆಂದು ಕರೆದ ಭಾರತ, ಆ ಬಳಿಕ 24 ವರ್ಷ ಮತ್ತೊಂದು ಪರೀಕ್ಷೆಯನ್ನು ನಡೆಸಲಿಲ್ಲ. 1988ರ ಜೂನ್ 9ರಂದು ಶ್ರೀ ರಾಜೀವ್ ಗಾಂಧಿಯವರು ವಿಶ್ವಸಂಸ್ಥೆಯಲ್ಲಿ ಮಂಡಿಸಿದ ಯೋಜನೆಯು 2010ರೊಳಗೆ ಅಣ್ವಸ್ತ್ರಗಳನ್ನು ಹಂತಹಂತವಾಗಿ ನಿರ್ಮೂಲ ಮಾಡಬೇಕೆಂದು ಸೂಚಿಸಿತು. ಬಲಾಢ್ಯ ರಾಷ್ಟ್ರಗಳು ಅದಕ್ಕೆ ಕಿವಿಗೊಡಲಿಲ್ಲ. ಬದಲಾಗಿ 1995ರ ಮೇ 11ರಂದು ಪ್ರಸರಣ ನಿಷೇಧ ಒಡಂಬಡಿಕೆಯ ಅವಧಿಯನ್ನು ಅನಿರ್ದಿಷ್ಟ ಕಾಲದವರೆಗೆ ವಿಸ್ತರಿಸಲಾಯಿತು. ಪಂಕ್ತಿಭೇದ ಹೀಗೆ ಶಾಶ್ವತವಾಯಿತು.

1996ರ ನಿರಾಕರಣೆ

ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದದ ಮಾತುಕತೆ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ 1994ರ ಜನವರಿಯಲ್ಲಿ ಆರಂಭವಾಯಿತು. ಪತ್ರಿಕೆಗಳಲ್ಲಿ ಸಿ.ಟಿ.ಬಿ.ಟಿ. ಎಂದು ಹೆಸರಾದುದು ಇದೇ. ಇದಕ್ಕಾಗಿ 1993ರಲ್ಲಿ ವಿಶ್ವಸಂಸ್ಥೆಯಲ್ಲಿ ಬಂದ ನಿರ್ಣಯವನ್ನು ಬೆಂಬಲಿಸಿ ಮಂಡಿಸಿದವರಲ್ಲಿ ಭಾರತವೂ ಇತ್ತು ಎಂಬುದನ್ನು ಮರೆಯಬಾರದು. ತಾನೇ ಬಯಸಿದ ಒಪ್ಪಂದವನ್ನು ತಾನೇ ನಿರಾಕರಿಸಿದ್ದು ಏಕೆ?

ಮೊದಲನೆಯ ಕಾರಣ, ಕರಡು ಸ್ಫೋಟಗಳನ್ನು ಮಾತ್ರ ನಿಷೇಧಿಸಿತು. ಗಣಕಯಂತ್ರಗಳ ಮೂಲಕವೂ ಪ್ರಯೋಗಾಲಯದ ಇತರ ವಿಧಾನಗಳಿಂದಲೂ ಅಸ್ತ್ರಗಳನ್ನು ಸುಧಾರಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಸಾವಿರಾರು ಪರೀಕ್ಷೆಗಳ ಅನುಭವವುಳ್ಳವರಿಗೆ ಆ ಬಾಗಿಲು ಸಾಕು. ಎರಡನೆಯದು, ನಿರ್ಮೂಲನದ ಕಾಲಮಿತಿಗೆ ಇದನ್ನು ಜೋಡಿಸಬೇಕೆಂಬ ಭಾರತದ ಬೇಡಿಕೆಗೆ ಮನ್ನಣೆ ದೊರೆಯಲಿಲ್ಲ. ಮೂರನೆಯದು, ಹೆಸರಿಸಿದ 44 ರಾಷ್ಟ್ರಗಳೆಲ್ಲ ಅನುಮೋದಿಸಿದ ಹೊರತು ಒಪ್ಪಂದ ಜಾರಿಗೆ ಬರುವುದಿಲ್ಲವೆಂಬ ವಿಧಿಯನ್ನು ಸೇರಿಸಿ, ಆ ಪಟ್ಟಿಯಲ್ಲಿ ಭಾರತವನ್ನೂ ಇರಿಸಲಾಯಿತು. ಒಪ್ಪದಿದ್ದವನ ಮೇಲೆ ಒತ್ತಡ ಹೇರುವ ಈ ಉಪಾಯ ಸಾರ್ವಭೌಮತ್ವಕ್ಕೆ ಧಕ್ಕೆ ತರುವುದೆಂದು ಭಾರತ ಆಕ್ಷೇಪಿಸಿತು. ನಾಲ್ಕನೆಯದು ನೆರೆಹೊರೆಯ ಭಯ. ಮಾತುಕತೆ ನಡೆಯುತ್ತಿದ್ದಾಗಲೇ ಫ್ರಾನ್ಸ್ ಮತ್ತು ಚೀನ ಪರೀಕ್ಷೆಗಳನ್ನು ನಡೆಸುತ್ತಿದ್ದವು. ಚೀನದ ಕೊನೆಯ ಪರೀಕ್ಷೆ 1996ರ ಜುಲೈ 29ರಂದು ನಡೆಯಿತು.

1996ರ ಜೂನ್ 20ರಂದು ಭಾರತದ ರಾಯಭಾರಿ ಶ್ರೀಮತಿ ಅರುಂಧತಿ ಘೋಷ್ ಅವರು, ಈ ರೂಪದಲ್ಲಿರುವ ಒಪ್ಪಂದವನ್ನು ಭಾರತ ಒಪ್ಪಲಾರದೆಂದು ಸಮ್ಮೇಳನಕ್ಕೆ ತಿಳಿಸಿದರು. ನಿಶ್ಶಸ್ತ್ರೀಕರಣದ ತತ್ತ್ವದೊಡನೆ ರಾಷ್ಟ್ರದ ಭದ್ರತೆಯ ಕಾರಣವನ್ನೂ ಆಗ ಬಹಿರಂಗವಾಗಿ ಹೇಳಲಾಯಿತು. ಸರ್ವಸಮ್ಮತಿಯಿಂದಲೇ ನಡೆಯಬೇಕಾದ ಆ ಸಮ್ಮೇಳನದಲ್ಲಿ ಆಗಸ್ಟ್ ತಿಂಗಳಲ್ಲಿ ಭಾರತ ಕರಡನ್ನು ತಡೆಯಿತು. ಆಗ ಆಸ್ಟ್ರೇಲಿಯ ಅದನ್ನು ನೇರವಾಗಿ ವಿಶ್ವಸಂಸ್ಥೆಯ ಮಹಾಸಭೆಗೆ ತಂದಿತು. ಸೆಪ್ಟೆಂಬರ್ 10ರಂದು 158 ರಾಷ್ಟ್ರಗಳು ಪರವಾಗಿ ಮತ ನೀಡಿದವು. ವಿರುದ್ಧವಾಗಿ ನಿಂತವು ಮೂರೇ: ಭಾರತ, ಭೂತಾನ ಮತ್ತು ಲಿಬಿಯ. ಹಲವು ಪಕ್ಷಗಳ ಬೆಂಬಲದ ಮೇಲೆ ನಿಂತಿದ್ದ ಸಂಯುಕ್ತ ರಂಗದ ಸರ್ಕಾರ, ಶ್ರೀ ಇಂದರ್ ಕುಮಾರ್ ಗುಜ್ರಾಲ್ ಅವರು ವಿದೇಶಾಂಗ ಸಚಿವರಾಗಿದ್ದ ಆ ದಿನಗಳಲ್ಲಿ, ಇಷ್ಟು ಏಕಾಂಗಿತನವನ್ನು ಸಹಿಸಿಕೊಂಡು ನಿಂತಿತು. ಆದರೆ ಆ ಸರ್ಕಾರದ ಅವಧಿಯಲ್ಲಿ ಪರೀಕ್ಷೆಯೂ ನಡೆಯಲಿಲ್ಲ. ಸಹಿಯೂ ಇಲ್ಲ, ಸ್ಫೋಟವೂ ಇಲ್ಲ ಎಂಬ ಸಂಯಮವೇ ಆಗಿನ ನೀತಿ.

ಪರೀಕ್ಷೆಯ ಬೆಲೆ

ಈ ಸಂಯಮ ಬಹುಕಾಲ ನಿಲ್ಲಲಿಲ್ಲ. 1998ರ ಮೇ 11 ಮತ್ತು 13ರಂದು ಶ್ರೀ ಅಟಲ ಬಿಹಾರಿ ವಾಜಪೇಯಿಯವರ ಸರ್ಕಾರ ಪೋಖ್ರಾನಿನಲ್ಲಿ ಪರೀಕ್ಷೆಗಳನ್ನು ನಡೆಸಿತು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನವೂ ನಡೆಸಿತು. ಜೂನ್ 6ರಂದು ಭದ್ರತಾ ಮಂಡಳಿ ಎರಡೂ ದೇಶಗಳನ್ನು ಖಂಡಿಸಿತು. ಅಮೆರಿಕ, ಜಪಾನ್ ಮೊದಲಾದ ದೇಶಗಳು ನಿರ್ಬಂಧಗಳನ್ನು ವಿಧಿಸಿದವು.

ನಿರ್ಬಂಧವೆಂಬುದು ವಿದೇಶಾಂಗ ನೀತಿಯ ಒಂದು ಆಯುಧ. ಅದರ ಪೆಟ್ಟು ಹೇಗಿರುತ್ತದೆಂಬುದು ಬೆಂಗಳೂರಿಗೆ ಚೆನ್ನಾಗಿ ತಿಳಿದಿದೆ. ಅಲ್ಲಿ ರೂಪುಗೊಳ್ಳುತ್ತಿದ್ದ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಮೆರಿಕದಿಂದ ದೊರೆಯುತ್ತಿದ್ದ ಸಹಕಾರ 1998ರಲ್ಲಿ ನಿಂತುಹೋಯಿತು. ನಮ್ಮ ತಂತ್ರಜ್ಞರು ಉಳಿದ ಕೆಲಸವನ್ನು ಇಲ್ಲಿಯೇ ಮುಗಿಸಬೇಕಾಯಿತು. ವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಇದರಿಂದ ಸ್ವಾವಲಂಬನೆ ಬೆಳೆಯಿತು ಎಂಬುದು ನಿಜ. ಕಾಲವೂ ಹಣವೂ ಅಧಿಕವಾಗಿ ವ್ಯಯವಾದವು ಎಂಬುದೂ ನಿಜ. ಚರ್ಚೆಯಲ್ಲಿ ಎರಡನ್ನೂ ಹೇಳಬೇಕು.

ಇತರ ದೇಶಗಳ ಅನುಭವವೂ ಒಂದೇ ಬಗೆಯದಲ್ಲ. ದಕ್ಷಿಣ ಆಫ್ರಿಕ ತಾನು ತಯಾರಿಸಿದ್ದ ಆರು ಅಸ್ತ್ರಗಳನ್ನು ತಾನೇ ಕಳಚಿಹಾಕಿ 1991ರಲ್ಲಿ ಪ್ರಸರಣ ನಿಷೇಧ ಒಡಂಬಡಿಕೆಗೆ ಸೇರಿತು. ಉತ್ತರ ಕೊರಿಯ ಆ ಒಡಂಬಡಿಕೆಯಿಂದ ಹೊರಬರುವುದಾಗಿ 2003ರಲ್ಲಿ ಘೋಷಿಸಿ 2006ರಲ್ಲಿ ಬಾಂಬು ಪರೀಕ್ಷಿಸಿತು. ನಿರ್ಬಂಧಗಳು ಅದನ್ನು ತಡೆಯಲಿಲ್ಲ. ಇರಾನಿನೊಡನೆ 2015ರಲ್ಲಿ ಆದ ಒಪ್ಪಂದದಿಂದ ಅಮೆರಿಕವೇ 2018ರಲ್ಲಿ ಹಿಂದೆ ಸರಿಯಿತು. ಒಪ್ಪಂದ, ನಿರ್ಬಂಧ, ಸಂಧಾನ, ಬಲಪ್ರಯೋಗ ಇವುಗಳಲ್ಲಿ ಯಾವುದೂ ಸರ್ವರೋಗಕ್ಕೆ ಮದ್ದಲ್ಲ. ಅಂಜಿಕೆಯಿಂದ ಬಾಂಬು ಬಯಸುವವನಿಗೆ ಅಭಯ ಬೇಕು. ಮರ್ಯಾದೆಗಾಗಿ ಬಯಸುವವನಿಗೆ ಸಮಾನತೆ ಬೇಕು. ಕಾರಣವನ್ನು ಅರಿಯದೆ ಕೊಟ್ಟ ಮದ್ದು ನಾಟುವುದಿಲ್ಲ.

ನೆಲದ ಕಿವಿ

ಒಪ್ಪಂದವಾದರೂ ಕದ್ದು ಪರೀಕ್ಷಿಸುವವರನ್ನು ಹಿಡಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಟ್ರಾಂಬೆಯ ಪರಮಾಣು ಸಂಸ್ಥೆಯವರು ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿದರು. ಭೂಕಂಪದಲ್ಲಿ ಶಿಲಾಪದರಗಳು ಒಂದರ ಮೇಲೊಂದು ಜಾರುತ್ತವೆ. ಆದುದರಿಂದ ಕೆಲವು ದಿಕ್ಕುಗಳಿಗೆ ನೂಕು, ಕೆಲವು ದಿಕ್ಕುಗಳಿಗೆ ಸೆಳೆತ ಉಂಟಾಗುತ್ತದೆ. ಸ್ಫೋಟವಾದರೋ ಎಲ್ಲ ದಿಕ್ಕುಗಳಿಗೂ ಒಮ್ಮೆಲೇ ನೂಕುತ್ತದೆ. ಅಲೆಗಳ ಈ ಭೇದದಿಂದ ಸಾವಿರಾರು ಮೈಲಿ ದೂರದ ಪರೀಕ್ಷೆಯನ್ನೂ ಗುರುತಿಸಬಹುದು. ಸಿ.ಟಿ.ಬಿ.ಟಿ. ಒಪ್ಪಂದಕ್ಕಾಗಿ ಇಂಥ 321 ಕೇಂದ್ರಗಳ ಜಾಗತಿಕ ಜಾಲವನ್ನು ಯೋಜಿಸಲಾಯಿತು. ನೆಲದ ಕಂಪನವಲ್ಲದೆ ಸಮುದ್ರದೊಳಗಿನ ಧ್ವನಿ, ಕಿವಿಗೆ ಕೇಳದ ಗಾಳಿಯ ಅಲೆ, ಗಾಳಿಯಲ್ಲಿನ ವಿಕಿರಣಕಣ ಇವನ್ನೂ ಆ ಕೇಂದ್ರಗಳು ಪರಿಶೀಲಿಸುತ್ತವೆ. ಭಾರತದ ಕೇಂದ್ರಗಳು ಆ ಜಾಲದಲ್ಲಿ ಸೇರಿಲ್ಲ.

ಉಳಿದಿರುವ ಹೊಣೆ

ಒಪ್ಪಂದ ಇಂದಿಗೂ ವಿಧಿವತ್ತಾಗಿ ಜಾರಿಗೆ ಬಂದಿಲ್ಲ. 180ಕ್ಕೂ ಹೆಚ್ಚು ರಾಷ್ಟ್ರಗಳು ಸಹಿ ಹಾಕಿದ್ದರೂ ಹೆಸರಿಸಿದ 44ರಲ್ಲಿ ಹಲವರ ಅನುಮೋದನೆ ಬಾಕಿ ಇದೆ. ಅಮೆರಿಕದ ಸೆನೆಟ್ ಸಭೆಯೇ 1999ರಲ್ಲಿ ಅದನ್ನು ತಿರಸ್ಕರಿಸಿತು. ರಷ್ಯ ತಾನು ನೀಡಿದ್ದ ಅನುಮೋದನೆಯನ್ನು 2023ರಲ್ಲಿ ಹಿಂತೆಗೆದುಕೊಂಡಿತು. ಭಾರತವಾದರೋ ಸಹಿ ಹಾಕದೆಯೂ 1998ರ ಬಳಿಕ ಪರೀಕ್ಷೆಯನ್ನು ನಡೆಸಿಲ್ಲ. ಮೊದಲು ತಾನಾಗಿ ಅಣ್ವಸ್ತ್ರವನ್ನು ಪ್ರಯೋಗಿಸುವುದಿಲ್ಲವೆಂದು 2003ರ ಜನವರಿಯಲ್ಲಿ ಅಧಿಕೃತವಾಗಿ ಪ್ರಕಟಿಸಿತು.

ಇಷ್ಟನ್ನು ತೂಗಿ ನೋಡಿದಾಗ, 1996ರಲ್ಲಿ ಪಂಕ್ತಿಭೇದವನ್ನು ಒಪ್ಪಲಾರೆವೆಂದು ಭಾರತ ಹೇಳಿದ್ದು ನ್ಯಾಯವಾಗಿತ್ತೆಂದೇ ತೋರುತ್ತದೆ. ಆದರೆ ಆ ನಿರಾಕರಣೆ ಎರಡು ಕಾಲುಗಳ ಮೇಲೆ ನಿಂತಿತ್ತು: ಒಂದು ಭದ್ರತೆ, ಇನ್ನೊಂದು ಸಮಸ್ತ ಜಗತ್ತಿನ ನಿಶ್ಶಸ್ತ್ರೀಕರಣ. 1998ರ ಬಳಿಕ ಮೊದಲನೆಯದಕ್ಕೆ ತಕ್ಕ ಏರ್ಪಾಡನ್ನು ನಾವು ಮಾಡಿಕೊಂಡೆವು. ಎರಡನೆಯದು ಸಾಲವಾಗಿ ಉಳಿದಿದೆ. 2017ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕೃತವಾದ ಅಣ್ವಸ್ತ್ರ ನಿಷೇಧ ಒಪ್ಪಂದದ ಮಾತುಕತೆಯಲ್ಲಿ, ಇತರ ಅಣ್ವಸ್ತ್ರ ರಾಷ್ಟ್ರಗಳಂತೆಯೇ, ಭಾರತವೂ ಭಾಗವಹಿಸಲಿಲ್ಲ. ಮೇಲಿನ ಪಂಕ್ತಿಯಲ್ಲಿ ಎಲೆ ದೊರೆತ ಮೇಲೆ ಪಂಕ್ತಿಭೇದದ ಮಾತನ್ನು ಮರೆತರೆ, ಹಿಂದೆ ಆಡಿದ ಮಾತಿಗೆ ಬೆಲೆ ಉಳಿಯುವುದಿಲ್ಲ.

ಆದುದರಿಂದ ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಬಾಂಬು ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ನಿರಾಕರಣೆಗೆ ಕೊಟ್ಟ ಕಾರಣಗಳಿಗೆ ನಾವು ಇಂದಿಗೂ ಬದ್ಧರಾಗಿದ್ದೇವೆಯೇ ಎಂಬ ಪ್ರಶ್ನೆಯನ್ನಿಡುವುದು ಉಚಿತ. ಪರವಾಗಿ ಮಾತನಾಡಿದ ವಿದ್ಯಾರ್ಥಿಯೇ ಮರುದಿನ ವಿರೋಧವಾಗಿಯೂ ಅಷ್ಟೇ ಶ್ರದ್ಧೆಯಿಂದ ಮಾತನಾಡಲಿ. ರಾಮನಗರ ಆರಿಸಿದವರ ಕಾಲದ ನಿರ್ಧಾರವೆಂಬ ಅಭಿಮಾನ ಸಹಜ. ಆದರೆ ಅಭಿಮಾನವನ್ನು ವಾದವೆಂದು ಮುಂದಿಡಲಾಗದು. ಇಲ್ಲವೆನ್ನುವ ಧೈರ್ಯದೊಡನೆ, ಏಕೆ ಇಲ್ಲವೆಂದೆವು ಎಂಬುದನ್ನು ನೆನಪಿನಲ್ಲಿಡುವ ಪ್ರಾಮಾಣಿಕತೆಯೂ ಮುಂದಿನ ಪೀಳಿಗೆಗೆ ಬರಲಿ ಎಂಬುದೇ ನಮ್ಮ ಆಶಯ.